ವಿಜ್ಞಾನ ಸಂಘಗಳ ಆಡಳಿತ ಮಂಡಲ

ನಮ್ಮ ನಾಡಿನಲ್ಲಿ ಸಂಘಗಳು ಹುಟ್ಟುವುದಕ್ಕೆ ಎಂದೂ ಬರವಿಲ್ಲ. ಹುಟ್ಟಿದ ಸಂಘಗಳು ಬಾಳುವುದಕ್ಕೆ ಮಾತ್ರ ಬರ ಬಹಳ. ಯುಗಾದಿಯ ಹೊತ್ತಿಗೆ ಉತ್ಸಾಹದಿಂದ ತಲೆಯೆತ್ತಿದ ಸಂಸ್ಥೆಯು ದೀಪಾವಳಿಯ ಹೊತ್ತಿಗೆ ಹೆಸರಿನ ಹಲಗೆಯೊಂದನ್ನುಳಿಸಿ ಮಾಯವಾಗುವುದನ್ನು ವಾಚಕರು ತಮ್ಮ ತಮ್ಮ ಊರುಗಳಲ್ಲಿ ಕಂಡೇ ಇರುವರು. ಇದು ನಮ್ಮವರ ಆರಂಭಶೂರತನವೆಂದು ಜರೆದು ಸುಮ್ಮನಾಗುವುದು ಸುಲಭ. ಆದರೆ ಜರೆದ ಮಾತ್ರದಿಂದ ರೋಗದ ನಿದಾನವಾಗುವುದಿಲ್ಲ. ಹಣದ ಕೊರತೆಯಿಂದ ಸಂಘಗಳು ಸಾಯುತ್ತವೆಂದು ಕೆಲವರು ಹೇಳುವರು; ಜನರ ಔದಾಸೀನ್ಯದಿಂದ ಸಾಯುತ್ತವೆಂದು ಇನ್ನು ಕೆಲವರು ಹೇಳುವರು. ಈ ಎರಡೂ ಕಾರಣಗಳು ಇರುವುದುಂಟು. ಆದರೆ ಬಹುಮಟ್ಟಿಗೆ ಇವು ರೋಗದ ಲಕ್ಷಣಗಳೇ ಹೊರತು ಮೂಲವಲ್ಲವೆಂದು ನಮ್ಮ ಅಭಿಪ್ರಾಯ. ಮೂಲವಿರುವುದು ಆಡಳಿತ ಮಂಡಲದಲ್ಲಿ. ಲೆಕ್ಕವನ್ನು ಜನರ ಮುಂದಿಡದ ಮಂಡಲಕ್ಕೆ ಹಣ ಕೊಡುವವರಾರು? ಸದಸ್ಯರ ಮಾತನ್ನು ಕೇಳದ ಮಂಡಲದ ಸಭೆಗೆ ಬರುವವರಾರು? ಅದಕಾರಣ ಈ ವಾರ, ಪ್ರಾಂತದ ವಿಜ್ಞಾನ ಸಂಘಗಳ ಆಡಳಿತವು ಹೇಗೆ ನಡೆಯಬೇಕೆಂಬ ವಿಷಯವನ್ನು ವಾಚಕರ ವಿಚಾರಕ್ಕಾಗಿ ಮುಂದಿಡುತ್ತೇವೆ.

ಇತರ ಸಂಘಗಳನ್ನು ಬಿಟ್ಟು ವಿಜ್ಞಾನ ಸಂಘಗಳನ್ನೇ ಏಕೆ ಆರಿಸಿಕೊಂಡಿರೆಂದು ಯಾರಾದರೂ ಕೇಳಬಹುದು. ಸಾಹಿತ್ಯ ಸಂಘಕ್ಕೆ ಜನರ ಒಲವು ತಾನಾಗಿ ಒದಗುತ್ತದೆ. ಒಂದು ಸಮ್ಮೇಳನ, ಒಂದು ಮೆರವಣಿಗೆ, ನಾಲ್ಕು ಒಳ್ಳೆಯ ಭಾಷಣಗಳು ಆದುವೆಂದರೆ ವರ್ಷದ ತಪ್ಪುಗಳೆಲ್ಲ ಮರೆತುಹೋಗುತ್ತವೆ. ವಿಜ್ಞಾನ ಸಂಘಕ್ಕೆ ಅಂಥ ಹಬ್ಬದ ಆಶ್ರಯವಿಲ್ಲ. ಅದರ ಕೆಲಸವೆಲ್ಲ ಸದ್ದಿಲ್ಲದ ಕೆಲಸ: ಪತ್ರಿಕೆಯನ್ನು ತಿಂಗಳು ತಪ್ಪದೆ ಹೊರಡಿಸುವುದು, ಉಪಕರಣಗಳನ್ನು ತುಕ್ಕು ಹಿಡಿಯದಂತೆ ಇಡುವುದು, ಪುಸ್ತಕಾಲಯದ ಬಾಗಿಲು ತೆರೆಯುವುದು, ಹಳ್ಳಿಯ ಶಾಲೆಯೊಂದರಲ್ಲಿ ಇಪ್ಪತ್ತು ಹುಡುಗರಿಗೆ ಗ್ರಹಣವೆಂದರೇನೆಂದು ತೋರಿಸುವುದು. ಇಂಥ ಕೆಲಸ ಕೆಟ್ಟರೆ ಕೂಗುವವರಿಲ್ಲ. ಕೆಟ್ಟುದು ಬಹುಕಾಲದವರೆಗೆ ಯಾರಿಗೂ ತಿಳಿಯುವುದೂ ಇಲ್ಲ. ಮತ್ತೊಂದು ಮಾತು. ಯಾರ ಮಾತನ್ನೂ, ಅವರೆಷ್ಟೇ ದೊಡ್ಡವರಾದರೂ, ಪರೀಕ್ಷೆಯಿಲ್ಲದೆ ಒಪ್ಪಲಾಗದೆಂಬುದು ವಿಜ್ಞಾನದ ಮೊದಲನೆಯ ಪಾಠ. ಈ ಪಾಠವನ್ನು ಊರಿಗೆಲ್ಲ ಬೋಧಿಸುವ ಸಂಘದ ಮಂಡಲವು ತನ್ನ ಜಮಾಖರ್ಚನ್ನು ಮಾತ್ರ ಪ್ರಶ್ನೆಗೆ ಹೊರತಾಗಿ ಇಟ್ಟುಕೊಂಡರೆ, ಅದು ತನ್ನ ಧರ್ಮಕ್ಕೇ ಎರವಾದಂತಾಯಿತು.

ಕಾಯಿದೆಯು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ೧೮೬೦ರಲ್ಲಿ ಹಿಂದುಸ್ಥಾನಕ್ಕೆಲ್ಲ ಆದ ಸಂಘಗಳ ನೋಂದಣಿಯ ಕಾಯಿದೆಯ ಪ್ರಕಾರ ಏಳು ಜನ ಕೂಡಿ ಉದ್ದೇಶಪತ್ರಕ್ಕೆ ರುಜು ಹಾಕಿದರೆ ಸಂಘ ಹುಟ್ಟಿತು. ನೋಂದಣಿಗೆ ಅರ್ಹವಾದ ಉದ್ದೇಶಗಳಲ್ಲಿ ವಿಜ್ಞಾನದ ಅಭಿವೃದ್ಧಿಯನ್ನು ಆ ಕಾಯಿದೆಯು ಹೆಸರಿಸಿಯೇ ಹೇಳಿತು. ವರ್ಷಕ್ಕೊಮ್ಮೆ ಆಡಳಿತ ಮಂಡಲದವರ ಯಾದಿಯನ್ನು ರಿಜಿಸ್ಟ್ರಾರರಿಗೆ ಒಪ್ಪಿಸತಕ್ಕದ್ದೆಂದೂ, ಸಂಘದ ಉದ್ದೇಶವನ್ನು ಮಾರ್ಪಡಿಸಬೇಕಾದರೆ ಐದರಲ್ಲಿ ಮೂರು ಪಾಲು ಮತ ಬೇಕೆಂದೂ, ಅದನ್ನು ಒಂದು ತಿಂಗಳ ಅಂತರದ ಎರಡನೆಯ ಸಭೆಯಲ್ಲಿ ಅಷ್ಟೇ ಮತದಿಂದ ಮತ್ತೆ ಸ್ಥಿರಪಡಿಸಬೇಕೆಂದೂ ವಿಧಿಸಿತು. ಒಂದು ದಿನದ ಆವೇಶದಲ್ಲಿ ಸಂಘದ ಗುರಿ ತಪ್ಪಬಾರದೆಂಬ ವಿವೇಕ ಈ ವಿಧಿಯಲ್ಲಿದೆ. ನಮ್ಮ ರಾಜ್ಯದಲ್ಲಿ ೧೯೬೦ರ ಕರ್ನಾಟಕ ಸಂಘಗಳ ನೋಂದಣಿಯ ಕಾಯಿದೆಯು ಇದರ ಸ್ಥಾನದಲ್ಲಿದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕೂಡತಕ್ಕದ್ದು, ತನಿಖೆಯಾದ ಲೆಕ್ಕವನ್ನು ಒಪ್ಪಿಸತಕ್ಕದ್ದು ಎಂದು ಅದು ಹೇಳುತ್ತದೆ. ಸಂಘವು ದಾರಿ ತಪ್ಪಿದರೆ ವಿಚಾರಣೆ ನಡೆಸುವ ಅಧಿಕಾರ ರಿಜಿಸ್ಟ್ರಾರರಿಗೂ, ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರ ಸರಕಾರಕ್ಕೂ ಉಂಟು. ಆದರೆ ಕಾಯಿದೆಯು ಬೇಲಿ ಮಾತ್ರ. ಬೇಲಿಯ ಒಳಗೆ ಬೆಳೆ ಬೆಳೆಯುವವರು ಬೇರೆಯೇ ಇರಬೇಕು. ಆಡಳಿತಾಧಿಕಾರಿಯು ಬಂದು ಬೀಗದ ಕೈ ತೆಗೆದುಕೊಳ್ಳುವ ದಿನವು ಸಂಘಕ್ಕೆ ರಕ್ಷಣೆಯ ದಿನವಾಗಬಹುದು. ಗೌರವದ ದಿನವಂತೂ ಅಲ್ಲ.

ವಿಜ್ಞಾನ ಸಂಘವೊಂದರ ಆಡಳಿತದಿಂದ ಏನು ಕಟ್ಟಬಹುದು, ಏನು ಕೆಡಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ನಿದರ್ಶನವಿದೆ. ಅದು ಕಲಕತ್ತೆಯ ಭಾರತೀಯ ವಿಜ್ಞಾನಾಭಿವೃದ್ಧಿ ಸಂಘ. ಡಾಕ್ಟರ್ ಮಹೇಂದ್ರಲಾಲ ಸರಕಾರರು ೧೮೬೯ರಲ್ಲಿಯೇ, ಭಾರತೀಯರಿಂದ ನಡೆಯುವ ವಿಜ್ಞಾನ ಸಂಸ್ಥೆಯೊಂದು ಬೇಕೆಂದು ತಮ್ಮ ವೈದ್ಯಪತ್ರಿಕೆಯಲ್ಲಿ ಬರೆದರು. ವಂತಿಗೆ ಕೂಡಿಸುತ್ತ ಕೂಡಿಸುತ್ತ ಏಳು ವರ್ಷ ಕಳೆಯಿತು. ೧೮೭೬ನೆಯ ಜುಲೈ ತಿಂಗಳಲ್ಲಿ ಬೌಬಜಾರಿನ ಕಟ್ಟಡವೊಂದರಲ್ಲಿ ಸಂಘ ತೆರೆಯಿತು. ಜಮೀನುದಾರರು ಕೊಟ್ಟರು, ವಕೀಲರು ಕೊಟ್ಟರು, ದೂರದ ವಿಜಯನಗರಂ ಸಂಸ್ಥಾನದ ಮಹಾರಾಜರು ಪ್ರಯೋಗಶಾಲೆಗಾಗಿ ಕೊಟ್ಟರು. ಸೇಂಟ್ ಝೇವಿಯರ್ ಕಾಲೇಜಿನ ಪಾದ್ರಿ ಲಾಫೋಂಟರು ಅಲ್ಲಿ ಉಪನ್ಯಾಸಗಳನ್ನು ಮಾಡಿದರು. ಕೈಗಾರಿಕೆಯ ಶಿಕ್ಷಣವನ್ನೇ ಕೊಡಬೇಕೆಂದು ಒತ್ತಾಯ ಮಾಡಿದವರಿದ್ದರು. ಮಹೇಂದ್ರಲಾಲರು ಒಪ್ಪದೆ, ಸಂಘವು ಶುದ್ಧ ವಿಜ್ಞಾನದ ಸಂಶೋಧನೆಗೆ ಮೀಸಲೆಂದು ಹಟ ಹಿಡಿದರು. ಸಂಬಳ ಕೊಟ್ಟು ಪ್ರಾಧ್ಯಾಪಕರನ್ನು ಇಡುವಷ್ಟು ನಿಧಿ ಮಾತ್ರ ಅವರ ಜೀವಮಾನದಲ್ಲಿ ಒದಗಲಿಲ್ಲ. ೧೯೦೪ರಲ್ಲಿ ಅವರು ತೀರಿಕೊಂಡಾಗ, ಕಟ್ಟಡವಿತ್ತು, ಉಪಕರಣಗಳಿದ್ದುವು, ಕೆಲಸಗಾರನಿರಲಿಲ್ಲ. ತಮ್ಮ ಪ್ರಯತ್ನ ವಿಫಲವಾಯಿತೆಂಬ ಕೊರಗು ಆ ಮಹನೀಯರಿಗೆ ಕೊನೆಯವರೆಗೂ ಇತ್ತು.

ಆದರೆ ಅವರ ತರುವಾಯ ಕಾರ್ಯದರ್ಶಿಗಳಾದ ಅವರ ಮಗ ಅಮೃತಲಾಲರು ಮನೆಯ ದೀಪವನ್ನು ಆರಲು ಬಿಡಲಿಲ್ಲ. ೧೯೦೭ರಲ್ಲಿ ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಮದರಾಸಿನ ಕಡೆಯಿಂದ ಬಂದ ಹದಿನೆಂಟು ವರ್ಷದ ತರುಣನೊಬ್ಬನು ಆ ಬಾಗಿಲನ್ನು ತಟ್ಟಿದನು. ಅವನು ಬಂಗಾಳಿಯಲ್ಲ, ಕಾಲೇಜಿನ ಅಧ್ಯಾಪಕನಲ್ಲ. ಅವನ ಹೆಸರನ್ನು ಅಲ್ಲಿ ಬಲ್ಲವರು ಇರಲಿಲ್ಲ. ಸಂಘವು ಅವನಿಗೆ ಪ್ರಯೋಗಶಾಲೆಯನ್ನು ಬಿಟ್ಟುಕೊಟ್ಟಿತು. ಕಚೇರಿಗೆ ಹೋಗುವ ಮುಂಚೆ ಬೆಳಿಗ್ಗೆಯೂ, ಕಚೇರಿ ಬಿಟ್ಟ ಮೇಲೆ ರಾತ್ರಿಯೂ ಅವನು ಅಲ್ಲಿ ದುಡಿದನು. ಅವರೇ ಚಂದ್ರಶೇಖರ ವೆಂಕಟರಾಮನ್. ೧೯೧೯ರಲ್ಲಿ ಅಮೃತಲಾಲರು ತೀರಿದ ಮೇಲೆ ರಾಮನ್ನರೇ ಗೌರವ ಕಾರ್ಯದರ್ಶಿಗಳಾದರು. ೧೯೨೮ನೆಯ ಫೆಬ್ರವರಿ ೨೮ರಂದು ಬೆಳಕಿನ ಚದರಿಕೆಯ ಆ ಹೊಸ ಪರಿಣಾಮವು ಕಂಡುಬಂದುದು ಇದೇ ಸಂಘದ ಕೋಣೆಗಳಲ್ಲಿ. ೧೯೩೦ರಲ್ಲಿ ನೊಬೆಲ್ ಬಹುಮಾನ ಬಂದುದು ಈ ಕೆಲಸಕ್ಕೇ. ಇದರಲ್ಲಿ ಆಡಳಿತ ಮಂಡಲದ ಪಾಲು ಎಷ್ಟು? ರಾಮನ್ನರ ಪ್ರತಿಭೆಯನ್ನು ಯಾವ ಮಂಡಲವೂ ಠರಾವು ಮಾಡಿ ಹುಟ್ಟಿಸಲಾರದು. ಆದರೆ ಮೂವತ್ತು ವರ್ಷಗಳ ಕಾಲ ಕಟ್ಟಡವನ್ನು ಮಾರದೆ, ಉಪಕರಣಗಳನ್ನು ಹಂಚಿಕೊಳ್ಳದೆ, ಬಾಗಿಲಿಗೆ ಬೀಗ ಹಾಕದೆ ಕಾದಿಟ್ಟವರು ಇಲ್ಲದಿದ್ದರೆ ಆ ಪ್ರತಿಭೆಗೆ ನಿಲ್ಲಲು ನೆಲೆಯಿರುತ್ತಿರಲಿಲ್ಲ. ಬರತಕ್ಕವನಿಗಾಗಿ ಮನೆಯನ್ನು ಸಜ್ಜಾಗಿಡುವುದು, ಬಂದವನು ಯಾವ ಊರಿನವನೆಂದು ಕೇಳದೆ ಒಳಗೆ ಕರೆಯುವುದು: ಆಡಳಿತ ಮಂಡಲದ ಕರ್ತವ್ಯವೆಲ್ಲ ಇಷ್ಟರಲ್ಲಿ ಅಡಕವಾಗಿದೆ.

ಇದೇ ಸಂಘದ ಕಥೆಗೆ ಇನ್ನೊಂದು ಮುಖವೂ ಇದೆ. ೧೯೩೩ರಲ್ಲಿ ರಾಮನ್ನರು ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು. ಮರುವರ್ಷವೇ ಕಲಕತ್ತೆಯ ಸಂಘದ ಆಡಳಿತದ ವಿಷಯವಾಗಿ ಕಲಹವೆದ್ದಿತು. ಹೊಸ ಸದಸ್ಯರನ್ನು ಸೇರಿಸುವ ಪ್ರಶ್ನೆ, ಮತದ ಪ್ರಶ್ನೆ, ಬಂಗಾಳಿಗಳು ದಕ್ಷಿಣದವರು ಎಂಬ ಕಹಿ, ಇವೆಲ್ಲ ಒಂದರೊಳಗೊಂದು ತೊಡರಿಕೊಂಡುವು. ಸದಸ್ಯರ ಸಭೆಯಲ್ಲಿ ರಾಮನ್ನರ ಪಕ್ಷ ಸೋತಿತು. ತಾವು ಇಪ್ಪತ್ತಾರು ವರ್ಷ ಬೆವರು ಸುರಿಸಿದ ಮನೆಯಿಂದ ಅವರು ಹೊರಗಾದರು. ತಪ್ಪು ಯಾವ ಪಕ್ಷದ್ದೆಂದು ಇಂದು ತೂಗುತ್ತ ಕೂಡುವುದರಿಂದ ಪ್ರಯೋಜನವಿಲ್ಲ. ನಾವು ಕಲಿಯಬೇಕಾದ ಪಾಠ ಇಷ್ಟೇ: ಮತ ಯಾರಿಗೆ ಉಂಟು, ಸದಸ್ಯನಾಗಿ ಎಷ್ಟು ಕಾಲವಾದ ಮೇಲೆ ಉಂಟು, ಅಧಿಕಾರದ ಅವಧಿ ಎಷ್ಟು ಎಂಬುದನ್ನೆಲ್ಲ ಸ್ನೇಹವಿರುವಾಗಲೇ ಬರೆದಿಡಬೇಕು. ಜಗಳ ಹತ್ತಿದ ಮೇಲೆ ಬರೆದ ನಿಯಮವು ನಿಯಮವೆನಿಸುವುದಿಲ್ಲ, ಆಯುಧವೆನಿಸುತ್ತದೆ. ಮತ್ತು ಪ್ರಾಂತದ ಹೆಸರಿನ ಸಂಘವು ಪ್ರಾಂತದ ಕೆಲಸವನ್ನು ಮಾಡುವುದಕ್ಕಾಗಿ ಇದೆಯೇ ಹೊರತು, ಹೊರಗಿನಿಂದ ಬಂದ ಕೆಲಸಗಾರನಿಗೆ ಬಾಗಿಲು ಮುಚ್ಚುವುದಕ್ಕಲ್ಲ. ನಾಡು ಒಂದಾಗಬೇಕೆಂದು ಹೋರಾಡಿದ ಕನ್ನಡಿಗರಿಗೆ ಈ ಮಾತನ್ನು ಹೇಳುವ ಹಕ್ಕೂ ಇದೆ, ಕೇಳುವ ಹೊಣೆಯೂ ಇದೆ. ಕಲಕತ್ತೆ ಕಳೆದುಕೊಂಡುದು ಬೆಂಗಳೂರಿಗೆ ದಕ್ಕಿತೆಂದು ಹಿಗ್ಗುವಾಗ, ನಾಳೆ ಬೆಂಗಳೂರು ಕಳೆದುಕೊಳ್ಳುವುದು ಇನ್ನೊಂದೂರಿಗೆ ದಕ್ಕೀತೆಂಬುದನ್ನು ನಾವು ಮರೆಯಲಾಗದು.

ಇಂಥ ಎಡವಟ್ಟುಗಳು ನಮ್ಮ ದೇಶದವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ಲಂಡನ್ನಿನ ರಾಯಲ್ ಸೊಸೈಟಿಯು ೧೬೬೦ರಲ್ಲಿ ಹುಟ್ಟಿದ ಪ್ರಖ್ಯಾತ ಸಂಸ್ಥೆ. ಅದರ ಮಂಡಲವು ಮೀನುಗಳನ್ನು ಕುರಿತ ಚಿತ್ರಭರಿತವಾದ ದೊಡ್ಡ ಗ್ರಂಥವೊಂದನ್ನು ೧೬೮೬ರಲ್ಲಿ ಅಚ್ಚುಹಾಕಿಸಿತು. ಗ್ರಂಥ ಮಾರಾಟವಾಗಲಿಲ್ಲ, ಬೊಕ್ಕಸ ಬರಿದಾಯಿತು. ಅದೇ ಹೊತ್ತಿಗೆ ನ್ಯೂಟನ್ನರ ಮಹಾಗ್ರಂಥ ಸಿದ್ಧವಾಗಿ ಬಂದರೆ, ಅಚ್ಚುಹಾಕಿಸಲು ಸಂಸ್ಥೆಯಲ್ಲಿ ದುಡ್ಡಿಲ್ಲ. ೧೬೮೭ರಲ್ಲಿ ಅದು ಹೊರಬಂದುದು ಹ್ಯಾಲಿಯವರು ತಮ್ಮ ಕೈಯಿಂದ ಖರ್ಚು ಮಾಡಿದ್ದರಿಂದ. ಸಂಸ್ಥೆಯ ನೌಕರರೇ ಆಗಿದ್ದ ಆ ಹ್ಯಾಲಿಯವರಿಗೆ ಸಂಬಳ ಕೊಡಲಾರದೆ, ಮಂಡಲವು ಮಾರಾಟವಾಗದೆ ಉಳಿದ ಮೀನಿನ ಪುಸ್ತಕದ ಪ್ರತಿಗಳನ್ನೇ ಸಂಬಳವಾಗಿ ಕೊಟ್ಟಿತು! ನಗೆ ಬರುವ ಸಂಗತಿಯೇ ಅಹುದು. ಆದರೆ ನಮ್ಮ ಸಂಘಗಳ ಕಪಾಟುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಸ್ಮರಣ ಸಂಚಿಕೆಗಳನ್ನು ಎಣಿಸಿದರೆ ನಗೆ ಅಲ್ಲಿಯೇ ನಿಂತೀತು. ಒಂದು ಸಂಘದ ನಿಧಿಯನ್ನೆಲ್ಲ ಒಂದೇ ಆಡಂಬರದ ಪ್ರಕಟಣೆಯಲ್ಲಿ ಸುರಿಯುವ ಮಂಡಲಕ್ಕೆ, ಮರುದಿನ ಬಂದು ನಿಲ್ಲುವ ನಿಜವಾದ ಕೆಲಸವನ್ನು ಗುರುತಿಸುವ ಕಣ್ಣಿದ್ದರೂ ಕೈಯಿರುವುದಿಲ್ಲ.

ನ್ಯೂಟನ್ನರೇ ೧೭೦೩ರಲ್ಲಿ ಆ ಸಂಸ್ಥೆಯ ಅಧ್ಯಕ್ಷರಾದರು. ಕಲನಶಾಸ್ತ್ರವನ್ನು ಮೊದಲು ಕಂಡುಹಿಡಿದವರು ತಾವೋ ಜರ್ಮನಿಯ ಲೈಬ್ನಿಟ್ಸರೋ ಎಂಬ ವಿವಾದವು ಸಂಸ್ಥೆಯ ಮುಂದೆ ಬಂದಿತು. ೧೭೧೨ರಲ್ಲಿ ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು. ಆ ಸಮಿತಿಯ ವರದಿಯನ್ನು ತೆರೆಯ ಹಿಂದೆ ಕುಳಿತು ಬರೆದವರು ಸ್ವತಃ ನ್ಯೂಟನ್ನರೇ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವ ಮೋಹವು ಅಷ್ಟು ದೊಡ್ಡ ಬುದ್ಧಿವಂತನನ್ನೂ ಬಿಡಲಿಲ್ಲವೆಂದ ಮೇಲೆ, ನಮ್ಮ ಜಿಲ್ಲೆಯ ಮಂಡಲದಲ್ಲಿ ಸದಸ್ಯನೊಬ್ಬನು ತನ್ನ ಅಳಿಯನ ಅಚ್ಚುಕೂಟಕ್ಕೆ ಕೆಲಸ ಕೊಡಿಸುವ ಚರ್ಚೆಯಲ್ಲಿ ತಾನೇ ಮತ ಕೊಡುವುದನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ. ಆಶ್ಚರ್ಯಪಡಬೇಕಾಗಿಲ್ಲ ನಿಜ, ಸಹಿಸಿಕೊಂಡಿರಬೇಕೆಂದು ಮಾತ್ರ ಇದರ ಅರ್ಥವಲ್ಲ.

ಆ ಸಂಸ್ಥೆಯಿಂದ ಕಲಿಯಬೇಕಾದ ಒಳ್ಳೆಯ ಪಾಠವೂ ಇದೆ. ಅದರ ಹಳೆಯ ಸನ್ನದಿನಂತೆ ಮಂಡಲದಲ್ಲಿ ಇಪ್ಪತ್ತೊಂದು ಜನರಿದ್ದರು. ಅವರಲ್ಲಿ ಹತ್ತು ಜನ ಪ್ರತಿವರ್ಷವೂ ಇಳಿದು ಹೊಸಬರಿಗೆ ಎಡೆ ಕೊಡಬೇಕಾಗಿತ್ತು. ಹನ್ನೊಂದು ಜನ ಉಳಿಯುತ್ತಿದ್ದುದರಿಂದ ಕೆಲಸದ ಎಳೆ ಕಡಿಯುತ್ತಿರಲಿಲ್ಲ. ಹತ್ತು ಜನ ಹೊಸಬರು ಬರುತ್ತಿದ್ದುದರಿಂದ ಗಾಳಿಯಾಡುತ್ತಿತ್ತು. ಆದರೆ ಸದಸ್ಯರ ಸ್ಥಾನ ಬದಲಾಗುವಂತೆ ಅಧ್ಯಕ್ಷರ ಸ್ಥಾನ ಬದಲಾಗಲಿಲ್ಲ. ಸರ್ ಜೋಸೆಫ್ ಬ್ಯಾಂಕ್ಸರು ೧೭೭೮ರಿಂದ ೧೮೨೦ರವರೆಗೆ ನಾಲ್ವತ್ತೊಂದು ವರ್ಷ ಅಧ್ಯಕ್ಷರಾಗಿಯೇ ಇದ್ದರು. ವಿಜ್ಞಾನವನ್ನು ಮಾಡದ ಸಿರಿವಂತರು ಸದಸ್ಯರ ಪಟ್ಟಿಯಲ್ಲಿ ತುಂಬಿಕೊಂಡರು. ೧೮೩೦ರಲ್ಲಿ ಗಣಿತಜ್ಞ ಬ್ಯಾಬೇಜರು ಗ್ರಂಥವೊಂದನ್ನೇ ಬರೆದು ಈ ಅವ್ಯವಸ್ಥೆಯನ್ನು ಬಯಲಿಗೆಳೆದರು. ಅದೇ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಖಗೋಲ ವಿಜ್ಞಾನಿ ಜಾನ್ ಹರ್ಷೆಲರಿಗೆ ೧೧೧ ಮತ, ಅರಸನ ತಮ್ಮನಾದ ಸಸೆಕ್ಸಿನ ಡ್ಯೂಕನಿಗೆ ೧೧೯ ಮತ. ಎಂಟು ಮತಗಳಿಂದ ವಿಜ್ಞಾನಿಯು ಸೋತು ರಾಜಕುಮಾರನು ಗೆದ್ದನು. ಆದರೂ ಆ ಸೋಲು ವ್ಯರ್ಥವಾಗಲಿಲ್ಲ. ೧೮೪೭ರಲ್ಲಿ ನಿಯಮಗಳು ಬದಲಾದುವು. ವರ್ಷಕ್ಕೆ ಹದಿನೈದೇ ಜನರನ್ನು, ಅವರ ವೈಜ್ಞಾನಿಕ ಯೋಗ್ಯತೆಯನ್ನು ನೋಡಿ ಆರಿಸತಕ್ಕದ್ದೆಂದು ಗೊತ್ತಾಯಿತು. ಚುನಾವಣೆಯಲ್ಲಿ ಸೋತವರು ಸಂಸ್ಥೆಯನ್ನು ಬಿಟ್ಟು ಹೋಗದೆ ಒಳಗಿದ್ದು ದುಡಿದರೆ ಹದಿನೇಳು ವರ್ಷಗಳಲ್ಲಿ ಏನಾದೀತೆಂಬುದಕ್ಕೆ ಇದು ಸಾಕ್ಷಿ.

ಅವಧಿಯ ಪ್ರಶ್ನೆಗೆ ನಮ್ಮ ಮನೆಯಲ್ಲಿಯೇ ಉದಾಹರಣೆಯುಂಟು. ೧೯೩೪ರಲ್ಲಿ ರಾಮನ್ನರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ೧೯೭೦ರ ನವಂಬರದಲ್ಲಿ ತಾವು ತೀರಿಕೊಳ್ಳುವವರೆಗೆ ಮೂವತ್ತಾರು ವರ್ಷ ಅದರ ಅಧ್ಯಕ್ಷರಾಗಿದ್ದರು. ಅವರು ಸ್ಥಾಪಿಸಿದ ನಡವಳಿಕೆಗಳ ಪತ್ರಿಕೆ ಜಗತ್ತಿನಲ್ಲಿ ಮನ್ನಣೆ ಪಡೆಯಿತು. ಅವರ ತೂಕವೇ ಸಂಸ್ಥೆಯ ತೂಕವಾಗಿತ್ತು. ಸ್ಥಾಪಕನ ಕೈ ಗಟ್ಟಿಯಾಗಿದ್ದಾಗ ಸಂಸ್ಥೆ ಬೇಗ ಬೆಳೆಯುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅವರ ತರುವಾಯ ಅಕಾಡೆಮಿಯು ಅಧ್ಯಕ್ಷರನ್ನು ಮೂರು ಮೂರು ವರ್ಷಕ್ಕೆ ಆರಿಸುವ ಪದ್ಧತಿಯನ್ನು ಹಿಡಿಯಿತು. ಸದಾಶಿವನ್, ಮೆನನ್, ನಮ್ಮವರೇ ಆದ ಸತೀಶ ಧವನ್ ಎಂದು ಸಾಲು ಬೆಳೆಯಿತು, ಸಂಸ್ಥೆ ಕುಸಿಯಲಿಲ್ಲ. ಇನ್ನೊಬ್ಬ ರಾಮನ್ ಹುಟ್ಟುವುದನ್ನು ಕಾಯುತ್ತ ಕೂಡಲಾಗದಷ್ಟೆ! ಪುಣ್ಯಪುರುಷರಿಗಾಗಿ ನಿಯಮ ಬೇಕಾಗಿಲ್ಲದಿರಬಹುದು. ನಿಯಮ ಬೇಕಾದುದು ನಮ್ಮಂಥ ಸಾಮಾನ್ಯರಿಗಾಗಿ. ನಮ್ಮ ಸಂಘಗಳ ಅಧ್ಯಕ್ಷರಲ್ಲಿ ಹೆಚ್ಚಿನವರು ಸಾಮಾನ್ಯರೇ ಆಗಿರುವರೆಂಬುದನ್ನು ಅವರೂ ಒಪ್ಪುವರೆಂದು ನಂಬುತ್ತೇವೆ.

ಇನ್ನು ದೇಶಭಾಷೆಗಳಲ್ಲಿ ವಿಜ್ಞಾನವನ್ನು ಹರಡುವ ಸಂಘಗಳ ಕಡೆಗೆ ಬರೋಣ. ಹಿಂದಿಯವರು ೧೯೧೩ರಲ್ಲಿ ಪ್ರಯಾಗದಲ್ಲಿ ವಿಜ್ಞಾನ ಪರಿಷತ್ತನ್ನು ಕಟ್ಟಿದರು. ಬಂಗಾಳದಲ್ಲಿ ಸತ್ಯೇಂದ್ರನಾಥ ಬೋಸರು ೧೯೪೮ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿದರು. ಕೇರಳದವರು ೧೯೬೨ರಲ್ಲಿ ಕೋಳಿಕ್ಕೋಡಿನಲ್ಲಿಯೂ, ಮಹಾರಾಷ್ಟ್ರದವರು ೧೯೬೬ರಲ್ಲಿ ಮುಂಬಯಿಯಲ್ಲಿಯೂ ಆರಂಭಿಸಿದರು. ಕನ್ನಡಿಗರು ಇವರಲ್ಲಿ ಹಿಂದುಳಿದವರೇನೂ ಆಗಿರಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಆದರೆ ಅದು ಅಲ್ಪಕಾಲದಲ್ಲಿಯೇ ನಿಂತಿತು. ಅಂಥ ವಿದ್ವಾಂಸರ ಕೈಯಲ್ಲಿ ಹುಟ್ಟಿದ ಪತ್ರಿಕೆಯ ಹಿಂದೆ, ಹೊರೆಯನ್ನು ಒಬ್ಬರಿಂದೊಬ್ಬರು ಹೊರುತ್ತ ಹೋಗುವ ಬಲವಾದ ಸಂಘವೊಂದು ನಿಂತಿದ್ದರೆ ಕನ್ನಡದ ವಿಜ್ಞಾನ ವಾಙ್ಮಯದ ದಾರಿಯೇ ಬೇರೆಯಾಗುತ್ತಿತ್ತು. ಮುಂದೆ ೧೯೭೮ರಲ್ಲಿ ‘ಬಾಲವಿಜ್ಞಾನ’ವೂ, ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಬಂದುವು. ನಡುವಿನ ಅರುವತ್ತು ವರ್ಷಗಳಲ್ಲಿ ಕನ್ನಡದಲ್ಲಿ ವಿಜ್ಞಾನ ಬರೆದವರು ಬಹುಮಟ್ಟಿಗೆ ಒಂಟಿಯಾಗಿ ದುಡಿದವರು. ಶಿವರಾಮ ಕಾರಂತರು ಒಬ್ಬರೇ ಕುಳಿತು ವಿಜ್ಞಾನದ ಕೋಶಗಳನ್ನು ಬರೆದುದು ಅವರ ಹಿರಿಮೆ. ಅವರು ಒಬ್ಬರೇ ಬರೆಯಬೇಕಾಗಿ ಬಂದುದು ನಮ್ಮ ಕೊರತೆ.

ಹಾಗಾದರೆ ಪ್ರಾಂತದ ವಿಜ್ಞಾನ ಸಂಘದ ಆಡಳಿತವು ಹೇಗಿರಬೇಕು? ನಮಗೆ ತೋರಿದ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತೇವೆ. ಮೊದಲನೆಯದಾಗಿ, ಮಂಡಲದ ಮೂರರಲ್ಲಿ ಒಂದು ಪಾಲು ಪ್ರತಿವರ್ಷ ನಿವೃತ್ತವಾಗಲಿ. ಒಂದೇ ಹುದ್ದೆಯಲ್ಲಿ ಯಾರೂ ಎರಡು ಅವಧಿಗಳನ್ನು ಮೀರದಿರಲಿ. ಇಳಿದವರನ್ನು ಬೀದಿಗೆ ಬಿಡಬೇಕಾಗಿಲ್ಲ. ಅವರ ಅನುಭವವನ್ನು ಸಲಹೆಗಾಗಿ ಬಳಸಿಕೊಳ್ಳಬಹುದು. ಆದರೆ ಬೀಗದ ಕೈಯೂ ಚೆಕ್ಕು ಪುಸ್ತಕವೂ ಹೊಸಬರ ವಶಕ್ಕೆ ಬರಬೇಕು, ಬರುವಾಗ ಉಪಕರಣಗಳ ಯಾದಿಗೂ ನಗದಿಗೂ ಎರಡೂ ಕಡೆಯ ರುಜು ಬೀಳಬೇಕು.

ಎರಡನೆಯದು ಮತದಾರರ ಪಟ್ಟಿ. ಚುನಾವಣೆಗೆ ಆರು ತಿಂಗಳು ಮೊದಲೇ ಅದು ಮುಗಿದು ಪತ್ರಿಕೆಯಲ್ಲಿ ಅಚ್ಚಾಗಲಿ. ಚುನಾವಣೆಯ ಹಿಂದಿನ ವಾರ ಒಬ್ಬನೇ ನೂರು ಜನರ ವರ್ಗಣಿಯನ್ನು ಕಟ್ಟಿ ನೂರು ಮತಗಳನ್ನು ಕಿಸೆಗಿಳಿಸುವ ವ್ಯಾಪಾರಕ್ಕೆ ಇದರಿಂದ ತಡೆ ಬೀಳುತ್ತದೆ.

ಮೂರನೆಯದು ಲೆಕ್ಕ. ವರ್ಷಾಂತ್ಯದ ತನಿಖೆ ಕಾಯಿದೆಯ ಪ್ರಕಾರ ಆಗಲೇಬೇಕಾದುದು. ಅದರ ಹೊರತಾಗಿ ಆರು ತಿಂಗಳಿಗೊಮ್ಮೆ ಜಮಾಖರ್ಚಿನ ಸಾರಾಂಶವನ್ನು ಸದಸ್ಯರು ಓದಿ ತಿಳಿಯುವಂಥ ಸರಳ ಕನ್ನಡದಲ್ಲಿ ಪ್ರಕಟಿಸಲಿ. ಸರಕಾರದ ಅನುದಾನವೆಷ್ಟು, ಸದಸ್ಯರ ವರ್ಗಣಿಯೆಷ್ಟು, ಪುಸ್ತಕದ ಮಾರಾಟವೆಷ್ಟು ಎಂದು ಬೇರೆ ಬೇರೆಯಾಗಿ ತೋರಿಸಲಿ. ಕೇರಳದ ಪರಿಷತ್ತು ತನ್ನ ಪುಸ್ತಕಗಳನ್ನು ಕಾರ್ಯಕರ್ತರ ಕೈಯಿಂದ ಮನೆಮನೆಗೆ ಮಾರಿ ನಿಧಿ ಕೂಡಿಸುತ್ತ ಬಂದಿದೆ. ಅನುದಾನವನ್ನು ಬೇಡವೆನ್ನುವುದು ನಮ್ಮ ಮಾತಲ್ಲ. ಆದರೆ ಅನುದಾನ ನಿಂತ ದಿನವೇ ನಿಲ್ಲುವ ಸಂಘವು ಸಂಘವೆನಿಸದೆ ಇಲಾಖೆಯ ಒಂದು ಕೋಣೆಯೆನಿಸುತ್ತದೆ. ಹನಿಗೂಡಿದರೆ ಹಳ್ಳವೆಂಬುದು ವರ್ಗಣಿಗೆ ಒಪ್ಪುವ ಗಾದೆ. ವರ್ಗಣಿ ಕೊಟ್ಟವನು ಪ್ರಶ್ನೆ ಕೇಳುವನು. ಪ್ರಶ್ನೆ ಕೇಳುವವರಿದ್ದರೆ ಮಂಡಲ ಎಚ್ಚರವಾಗಿರುವುದು.

ನಾಲ್ಕನೆಯದು ಸ್ವಹಿತದ ಮಾತು. ತನಗೋ ತನ್ನ ಬಂಧುಗಳಿಗೋ ಲಾಭವಿರುವ ವಿಷಯ ಚರ್ಚೆಗೆ ಬಂದಾಗ ಸದಸ್ಯನು ಅದನ್ನು ತಾನಾಗಿ ಹೇಳಿ ಸಭೆಯಿಂದೆದ್ದು ಹೊರಗೆ ಹೋಗತಕ್ಕದ್ದು; ಹೋದುದು ನಡವಳಿ ಪುಸ್ತಕದಲ್ಲಿ ದಾಖಲಾಗತಕ್ಕದ್ದು. ನಡವಳಿಯನ್ನು ಸಭೆಯಾದ ಹದಿನೈದು ದಿನದೊಳಗೆ ಬರೆದು ಕಳಿಸಬೇಕು. ಮುಂದಿನ ಸಭೆಯ ಮುನ್ನಾದಿನ ನೆನಪಿನಿಂದ ಬರೆದ ನಡವಳಿಯು ಕಾರ್ಯದರ್ಶಿಯ ಕಾದಂಬರಿ.

ಐದನೆಯದು ಪತ್ರಿಕೆಯ ಸ್ವಾತಂತ್ರ್ಯ. ಸಂಪಾದಕರನ್ನು ಮಂಡಲವೇ ನೇಮಿಸಲಿ, ಅವಧಿಯನ್ನು ಗೊತ್ತುಮಾಡಲಿ, ಖರ್ಚಿಗೆ ಮಿತಿ ಹಾಕಲಿ. ಯಾವ ಲೇಖನ ಅಚ್ಚಾಗಬೇಕೆಂಬುದರಲ್ಲಿ ಮಾತ್ರ ಕೈಹಾಕದಿರಲಿ. ಅಧ್ಯಕ್ಷರ ಭಾವಚಿತ್ರಗಳಿಂದಲೇ ತುಂಬಿದ ವಿಜ್ಞಾನ ಪತ್ರಿಕೆಯನ್ನು ಹುಡುಗರು ಓದುವುದಿಲ್ಲ. ಹುಡುಗರು ಓದದ ಮೇಲೆ ಅದು ಯಾರಿಗಾಗಿ?

ಆರನೆಯದಾಗಿ ನಾಡಿನ ಹರವು. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು ೧೯೫೬ರ ನವಂಬರ ಒಂದರಂದು ಒಂದಾಯಿತು. ನಕಾಶೆ ಒಂದಾದ ಮಾತ್ರಕ್ಕೆ ಸಂಘಗಳು ಒಂದಾಗಲಿಲ್ಲ. ಬೀದರದಿಂದ ಬೆಂಗಳೂರಿಗೆ ಸುಮಾರು ಏಳುನೂರು ಕಿಲೋಮೀಟರು. ಬೀದರದ ಶಾಲಾಮಾಸ್ತರನು ಎರಡು ತಾಸಿನ ಸಭೆಗಾಗಿ ಎರಡು ರಾತ್ರಿ ಪ್ರಯಾಣ ಮಾಡಿ, ರಜೆ ಕಳೆದುಕೊಂಡು, ಕೈಯಿಂದ ಖರ್ಚು ಮಾಡಿ ಬರುವನೆಂದು ಎಣಿಸುವುದು ನ್ಯಾಯವಲ್ಲ. ಅವನು ಬರಲಾರದುದನ್ನೇ ಅವನ ನಿರಾಸಕ್ತಿಯೆಂದು ಬರೆದುಕೊಳ್ಳುವುದು ಅನ್ಯಾಯ. ೧೮೩೧ರಲ್ಲಿ ಯಾರ್ಕ್ ಪಟ್ಟಣದಲ್ಲಿ ಆರಂಭವಾದ ಬ್ರಿಟಿಷ್ ವಿಜ್ಞಾನ ಸಂಘವು ತನ್ನ ವಾರ್ಷಿಕ ಸಭೆಯನ್ನು ಊರಿಂದೂರಿಗೆ ಒಯ್ಯುವ ಪದ್ಧತಿಯನ್ನು ಹಾಕಿತು. ನಮ್ಮ ಸಂಘಗಳ ವಾರ್ಷಿಕ ಸಭೆಯೂ ಒಮ್ಮೆ ಕಲಬುರ್ಗಿಯಲ್ಲಿ, ಒಮ್ಮೆ ಧಾರವಾಡದಲ್ಲಿ, ಒಮ್ಮೆ ಮಂಗಳೂರಿನಲ್ಲಿ, ಒಮ್ಮೆ ಮಡಿಕೇರಿಯಲ್ಲಿ ಕೂಡಲಿ. ನಡುವಿನ ಸಭೆಗಳಿಗೆ, ಕೂತಲ್ಲಿಂದಲೇ ತೆರೆಯ ಮೇಲೆ ಒಬ್ಬರನ್ನೊಬ್ಬರು ನೋಡುತ್ತ ಮಾತನಾಡುವ ಅನುಕೂಲ ಇಂದು ಕೈಯಲ್ಲಿದೆ. ವಿಜ್ಞಾನ ಸಂಘವೇ ಅದನ್ನು ಬಳಸದಿದ್ದರೆ ಇನ್ನಾರು ಬಳಸುವರು? ವರ್ಗಣಿಯ ಅರ್ಧಭಾಗ ತಾಲೂಕಿನ ಶಾಖೆಯಲ್ಲಿಯೇ ಉಳಿಯಲಿ. ಬೇರಿಗೆ ನೀರೆರೆಯದೆ ಟೊಂಗೆಗೆ ಎರೆದರೆ ಮರ ಬೆಳೆಯಲಾರದು.

ಈ ಸೂಚನೆಗಳಿಗೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಚುನಾವಣೆಯಿಂದ ಪಕ್ಷಗಳು ಹುಟ್ಟುವುವು, ಜಾತಿಯ ಲೆಕ್ಕ ಒಳಬರುವುದು. ಹಿರಿಯರು ಕೂಡಿ ಅವಿರೋಧವಾಗಿ ಆರಿಸುವುದೇ ಲೇಸು ಎನ್ನುವರು. ಪಕ್ಷಗಳು ಹುಟ್ಟುವ ಅಪಾಯ ನಿಜವೇ. ಆದರೆ ವರ್ಷ ವರ್ಷವೂ ಅದೇ ಹೆಸರುಗಳು ಅವಿರೋಧವಾಗಿ ಬರುತ್ತಿದ್ದರೆ, ಅದು ಒಮ್ಮತವೋ ಬೇಸರವೋ ಎಂದು ಕೇಳಬೇಕಾಗುತ್ತದೆ. ಬಹಿರಂಗವಾಗಿ ಎದುರಿಸುವ ಪಕ್ಷಕ್ಕಿಂತ, ಮೂಲೆಯಲ್ಲಿ ಗುಸುಗುಟ್ಟುವ ಪಕ್ಷವು ಸಂಘಕ್ಕೆ ಹೆಚ್ಚು ಕೇಡು. ಇನ್ನು ಕೆಲವರು, ಇಷ್ಟೆಲ್ಲ ಕಟ್ಟುಪಾಡುಗಳಿದ್ದರೆ ಯೋಗ್ಯರು ಯಾರೂ ಮುಂದೆ ಬರಲಾರರು, ಸಂಬಳವಿಲ್ಲದೆ ದುಡಿಯುವವರನ್ನು ಸಂಶಯದಿಂದ ನೋಡಬಾರದು ಎನ್ನುವರು. ಲೆಕ್ಕ ಕೇಳುವುದನ್ನು ಸಂಶಯವೆಂದು ತಿಳಿಯುವುದೇ ತಪ್ಪು. ಲೆಕ್ಕವು ಪ್ರಾಮಾಣಿಕನಾದ ಕೋಶಾಧ್ಯಕ್ಷನಿಗೆ ಕವಚ. ಅದು ಭಾರವೆನಿಸುವುದು ಬೇರೆಯವರಿಗೆ. ಪ್ರಯೋಗವನ್ನು ಇನ್ನೊಬ್ಬನು ಮಾಡಿ ನೋಡುವೆನೆಂದರೆ ನಿಜವಾದ ವಿಜ್ಞಾನಿಯು ಮುನಿಯ್ಯುವುದುಂಟೆ?

ಕೊನೆಯದಾಗಿ ನಮ್ಮ ಶಿಕ್ಷಕ ಬಂಧುಗಳಿಗೆ ಒಂದು ಬಿನ್ನಹ. ವಿಜ್ಞಾನ ಸಂಘದ ನಿಜವಾದ ಸೈನ್ಯ ನೀವು. ಸಮ್ಮೇಳನಕ್ಕೆ ಹುಡುಗರನ್ನು ಕರೆತರುವವರು ನೀವು, ಪತ್ರಿಕೆಯ ಚಂದಾ ಕೂಡಿಸುವವರು ನೀವು, ಗ್ರಹಣದ ದಿನ ಅಂಗಳದಲ್ಲಿ ನಿಂತು ಊರವರ ಭಯವನ್ನು ಬಿಡಿಸುವವರು ನೀವು. ಮಂಡಲದ ಸ್ಥಾನಗಳು ಮಾತ್ರ ದೊಡ್ಡ ಹುದ್ದೆಯವರಿಗೆಂದು ನೀವೇ ದೂರ ನಿಲ್ಲುತ್ತೀರಿ. ಈ ಸಂಕೋಚವನ್ನು ಬಿಡಬೇಕು. ಸಂಘದ ನಿಯಮಾವಳಿಯ ಪ್ರತಿಯೊಂದನ್ನು ತರಿಸಿ ಓದಿರಿ. ವಾರ್ಷಿಕ ಸಭೆಗೆ ಹೋಗಿರಿ; ಹೋದಾಗ ಊಟದ ಹೊತ್ತಿಗೆ ಏಳದೆ ಲೆಕ್ಕ ಮಂಡಿಸುವ ಹೊತ್ತಿನವರೆಗೆ ಕುಳಿತಿರಿ. ತಿಳಿಯದುದನ್ನು ಕೇಳಿರಿ. ಒಬ್ಬರು ಕೇಳಿದರೆ ಅಧಿಕಪ್ರಸಂಗವೆನಿಸೀತು. ಹತ್ತು ಜನ ಕೇಳಿದರೆ ಅದೇ ಪದ್ಧತಿಯಾಗುತ್ತದೆ. ಚುನಾವಣೆಗೆ ನಿಲ್ಲಿರಿ. ಸೋತರೆ ರಾಜೀನಾಮೆ ಕೊಡದೆ ಮರುವರ್ಷ ಮತ್ತೆ ನಿಲ್ಲಿರಿ.

ಬೌಬಜಾರಿನ ಆ ಕಟ್ಟಡದಲ್ಲಿ ಮಹೇಂದ್ರಲಾಲರು ಕಾಯುತ್ತಿದ್ದ ಕೆಲಸಗಾರನು ಅವರು ತೀರಿದ ಮೂರು ವರ್ಷಗಳ ಮೇಲೆ ಬಂದನು. ನಮ್ಮ ನಾಡಿನ ಯಾವ ಹಳ್ಳಿಯ ಯಾವ ಹುಡುಗ, ಯಾವ ಹುಡುಗಿ ಯಾವಾಗ ಬಂದು ಬಾಗಿಲು ತಟ್ಟುವರೆಂದು ಹೇಳಬಲ್ಲವರಾರು? ಅವರು ಬಂದ ದಿನ ಬಾಗಿಲಿಗೆ ಬೀಗ ಬಿದ್ದಿರಬಾರದು, ಒಳಗೆ ಜಗಳ ನಡೆದಿರಬಾರದು, ಉಪಕರಣಗಳು ಯಾರ ಮನೆಗೋ ಹೋಗಿರಬಾರದು. ಇಷ್ಟನ್ನು ನೋಡಿಕೊಳ್ಳುವ ಹೊಣೆ ಆಡಳಿತ ಮಂಡಲದ್ದು. ಮಂಡಲವನ್ನು ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.